ತಾತ ಬಿಟ್ಟುಕೊಟ್ಟ ಏಕಾದಶಿ

ನಮ್ಮ ತಾತ ರಾಮಸ್ವಾಮಿಯವರಿಗೆ ತಪ್ಪು ಒಪ್ಪಿಕೊಳ್ಳುವ ಅಭ್ಯಾಸವೇ ಇರಲಿಲ್ಲ. ಇವತ್ತು ಮಳೆ ಬರುವುದಿಲ್ಲ ಎಂದು ಕೊಡೆ ಬಿಟ್ಟು ಹೊರಟು, ತೊಯ್ದು ತೊಪ್ಪೆಯಾಗಿ ಮನೆಗೆ ಬಂದರೂ, "ಇದು ಮಳೆಯಲ್ಲ, ಬರೀ ತುಂತುರು" ಎನ್ನುತ್ತಿದ್ದ ಮನುಷ್ಯ. ಅವರ ತಂದೆ ಅರಮನೆಯಲ್ಲಿ ಪಾರಾಯಣಕ್ಕಿದ್ದವರು. ಸಂಸ್ಕೃತ, ಯೋಗ, ಸಿಟ್ಟು ಮೂರೂ ತಾತನಿಗೆ ಅಲ್ಲಿಂದಲೇ ಬಳುವಳಿ ಬಂದದ್ದು ಎಂದು ನಮ್ಮ ಅಜ್ಜಿ ಕಮಲ ಹೇಳುತ್ತಿದ್ದರು. ಮೂವತ್ತನಾಲ್ಕು ವರ್ಷ ಒಂದೇ ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದು, ನಿವೃತ್ತಿಯಾದ ಮೇಲೆ ಮೈಸೂರಿನ ವಿಜಯನಗರದ ನಮ್ಮ ಮನೆಯ ತಾರಸಿಯ ಮೇಲೆ ಬೆಳಿಗ್ಗೆ ಐದೂವರೆಗೆ ಯೋಗ ಕಲಿಸುತ್ತಿದ್ದರು. ಆಗಿನ್ನೂ ಬಡಾವಣೆಯಲ್ಲಿ ಅರ್ಧಕ್ಕರ್ಧ ಖಾಲಿ ಸೈಟುಗಳು. ತಾತ "ಉಸಿರು ಬಿಡೀ" ಎಂದು ಕೂಗಿದರೆ ಮೂರನೇ ಅಡ್ಡರಸ್ತೆಯ ನಾಯಿಗಳೂ ಎದ್ದು ಕೂರುತ್ತಿದ್ದವು.

ಅವರ ಮೆಚ್ಚಿನ ಶಿಷ್ಯೆ ನಾನು, ಅಂದರೆ ಮೊಮ್ಮಗಳು ಲಹರಿ. ಅಪ್ಪನಿಗೆ ಹೆಬ್ಬಾಳದ ಕಾರ್ಖಾನೆಯಲ್ಲಿ ಶಿಫ್ಟು, ಅಮ್ಮನಿಗೆ ದೂರದ ಶಾಲೆಯಲ್ಲಿ ಕೆಲಸ. ಹಾಗಾಗಿ ನಾನು ಬೆಳೆದದ್ದೆಲ್ಲ ತಾತ ಅಜ್ಜಿಯ ಕೈಯಲ್ಲೇ. ನಾನು ಏನು ಮಾಡಿದರೂ ತಾತನಿಗೆ ಚೆಂದ. ಆ ಚೆಂದವೇ ಮುಂದೆ ನಮ್ಮಿಬ್ಬರನ್ನೂ ಹಳ್ಳಕ್ಕೆ ಕೆಡವಿತು.

1996ರಲ್ಲಿ ನನಗೆ ಹದಿನೇಳು. ಒಂದು ಯೋಗ ಸ್ಪರ್ಧೆಯಲ್ಲಿ ಮೂರನೇ ಬಹುಮಾನ ಬಂತು. ತೀರ್ಪುಗಾರನೊಬ್ಬ ಮೈಕು ಹಿಡಿದು, "ಆಸನಗಳು ಬಹಳ ಚೆನ್ನಾಗಿವೆ, ಆದರೆ ಹುಡುಗಿ ಸ್ವಲ್ಪ ಗುಂಡಗಾಗಿದ್ದಾಳೆ" ಎಂದ. ಸಭೆ ನಕ್ಕಿತು. ಆ ಪುಣ್ಯಾತ್ಮನ ಮುಖ ಈಗ ನೆನಪಿಲ್ಲ, ಅವನ ಹೊಟ್ಟೆ ಮಾತ್ರ ಚೆನ್ನಾಗಿ ನೆನಪಿದೆ, ಮೈಕಿನವರೆಗೂ ಬಂದಿತ್ತು. ಬಸ್ಸಿನಲ್ಲಿ ಮನೆಗೆ ಬರುವಾಗ ತಾತ ಒಂದೇ ಮಾತು ಹೇಳಿದರು: "ಹೊಟ್ಟೆ ಹಗುರ ಇಟ್ಕೋಬೇಕು ಪುಟ್ಟಿ." ಮರುವಾರವೇ ನನಗೆ ವಮನ ಧೌತಿ ಹೇಳಿಕೊಟ್ಟರು. ಬರಿಹೊಟ್ಟೆಯಲ್ಲಿ ನೀರು ಕುಡಿದು ಅದನ್ನು ಹಾಗೇ ಹೊರಹಾಕುವ ಕ್ರಿಯೆ ಅದು. ಬಲ್ಲವರು, ಅದೂ ಅಪರೂಪಕ್ಕೆ ಮಾಡುವಂಥದ್ದು. ಹದಿನೇಳರ ಹುಡುಗಿಯ ಕೈಗೆ, ಅದೂ ಮೈಕಿನಲ್ಲಿ ಗುಂಡಗೆ ಎನ್ನಿಸಿಕೊಂಡು ಬಂದವಳ ಕೈಗೆ, ಕೊಡುವಂಥದ್ದಲ್ಲ.

ತಿಂಗಳೊಳಗೆ ನಾನು ಮಾಡುತ್ತಿದ್ದದ್ದು ಧೌತಿಯಾಗಿರಲಿಲ್ಲ. ಬೆಳಿಗ್ಗೆ ತಿಂಡಿ ಬಿಡುತ್ತಿದ್ದೆ, ಮಧ್ಯಾಹ್ನ ಶಾಸ್ತ್ರಕ್ಕೆ ಎರಡು ತುತ್ತು. ಸಂಜೆ ಯಾರೂ ಇಲ್ಲದಾಗ ಅಡುಗೆಮನೆಗೆ ನುಗ್ಗಿದರೆ ಸಿಕ್ಕಿದ್ದೆಲ್ಲ ಹೊಟ್ಟೆಗೆ. ತಣ್ಣಗಿನ ಅನ್ನ, ಉಪ್ಪಿನಕಾಯಿ, ಬೆಲ್ಲದಚ್ಚು. ರುಚಿಯೂ ತಿಳಿಯುತ್ತಿರಲಿಲ್ಲ, ನಿಲ್ಲಿಸಲೂ ಆಗುತ್ತಿರಲಿಲ್ಲ. ಆಮೇಲೆ ಹೆದರಿಕೆ, ಅಸಹ್ಯ, ಬಚ್ಚಲುಮನೆ. ನಾಳೆಯಿಂದ ಇಲ್ಲ ಎಂದು ದಿನಾ ಆಣೆ ಹಾಕುತ್ತಿದ್ದೆ. ಆ ನಾಳೆ ಒಂದೂವರೆ ವರ್ಷ ಬರಲಿಲ್ಲ.

ಬೇರೆ ಯಾವ ಮನೆಯಲ್ಲಾದರೂ ಹುಡುಗಿ ದಿನಾ ವಾಂತಿ ಮಾಡಿದರೆ ಹೆದರಿ ಡಾಕ್ಟರ ಹತ್ತಿರ ಓಡುತ್ತಿದ್ದರು. ನಮ್ಮ ಮನೆಯಲ್ಲಿ ಹೆಮ್ಮೆಪಟ್ಟರು! ಬಚ್ಚಲಿನಿಂದ ಸದ್ದು ಕೇಳಿದರೆ ಅಜ್ಜಿ ಕಾಂಪೌಂಡಿನಾಚೆಯ ಅಂಬುಜಮ್ಮನವರಿಗೆ, "ನಮ್ಮ ಲಹರಿ ಧೌತಿ ಮಾಡ್ತಿದಾಳೆ ಕಣ್ರೀ. ಈ ಕಾಲದ ಹುಡುಗೀರಲ್ಲಿ ಇಷ್ಟು ಶ್ರದ್ಧೆ ಎಲ್ಲಿದೆ ಹೇಳಿ" ಎನ್ನುತ್ತಿದ್ದರು. ತಾತ ಶಿಷ್ಯರ ಮುಂದೆ ನನ್ನನ್ನು ನಿಲ್ಲಿಸಿ, "ಇವಳಷ್ಟು ಸಲೀಸಾಗಿ ಮಾಡೋರು ನನ್ನ ಸರ್ವೀಸಲ್ಲೇ ಇಲ್ಲ" ಎಂದು ಮೀಸೆ ತಿರುವುತ್ತಿದ್ದರು. ಕಳ್ಳಿಗೆ ಮನೆಯವರೇ ದೀಪ ಹಿಡಿದು ದಾರಿ ತೋರಿಸಿದ ಹಾಗಾಗಿತ್ತು ನನ್ನ ಪಾಡು. ಕೆನ್ನೆಯ ಕೆಳಗೆ ಎರಡೂ ಕಡೆ ಊದಿಕೊಂಡಾಗ ಅಜ್ಜಿ ಮಂಗನಬಾವು ಎಂದು ಗಂಧ ಅರೆದು ಹಚ್ಚಿದರು. ಒಂದೇ ವರ್ಷದಲ್ಲಿ ಮೂರು ಸಲ ಹಚ್ಚಿದರು. ಮಂಗನಬಾವು ಒಬ್ಬರಿಗೆ ಮೂರು ಸಲ ಬರುತ್ತದೆಯೇ ಎಂದು ಆ ಮನೆಯಲ್ಲಿ ಯಾರೂ ಕೇಳಲಿಲ್ಲ.

ಕೇಳಿದವಳು ಪುಟ್ಟತಾಯಮ್ಮ. ನಮ್ಮ ಮನೆಗೆ ಕಸಮುಸುರೆಗೆ ಬರುತ್ತಿದ್ದವಳು.

1997ರ ನವರಾತ್ರಿ. ಹಜಾರದಲ್ಲಿ ಏಳು ಮೆಟ್ಟಿಲು ಕಟ್ಟಿ ಗೊಂಬೆ ಕೂರಿಸಿದ್ದರು. ಸಂಜೆ ಗೊಂಬೆ ನೋಡಲು ಬರುವ ಮಕ್ಕಳಿಗೆಂದು ಅಜ್ಜಿ ಎರಡು ದೊಡ್ಡ ಡಬ್ಬ ಕೊಬ್ಬರಿ ಮಿಠಾಯಿ, ಒಂದು ಡಬ್ಬ ಚಕ್ಕುಲಿ ಮಾಡಿಟ್ಟಿದ್ದರು. ನಾಲ್ಕನೇ ದಿನ ಮಕ್ಕಳು ಬಂದು ಕೈಯೊಡ್ಡಿ ನಿಂತಾಗ ಡಬ್ಬದ ತಳ ಕಾಣಿಸುತ್ತಿತ್ತು. ಅಜ್ಜಿಗೆ ಅವಮಾನ. ಬೆಳಿಗ್ಗೆ ಪುಟ್ಟತಾಯಮ್ಮ ಬಂದ ಕೂಡಲೇ ಶುರುವಾಯಿತು.

"ನಿನ್ನನ್ನ ಕಳ್ಳಿ ಅಂತಿಲ್ಲ ಕಣೆ. ಆದ್ರೆ ಡಬ್ಬ ತಾನಾಗೇ ಖಾಲಿ ಆಗುತ್ತಾ? ಕೇಳಿದ್ರೆ ಕೊಡ್ತಿರ್ಲಿಲ್ವಾ ನಾನು?"

ಪುಟ್ಟತಾಯಮ್ಮ ಪೊರಕೆ ಕೆಳಗಿಟ್ಟಳು. ಅಜ್ಜಿಯನ್ನು ನೋಡಲಿಲ್ಲ, ಪೇಪರ್ ಓದುತ್ತಿದ್ದ ತಾತನ ಮುಂದೆ ಹೋಗಿ ನಿಂತಳು.

"ಅಯ್ನೋರೇ, ತಿಂದೋಳು ನಾನಲ್ಲ. ತಿಂದಿದ್ದೆಲ್ಲ ಎಲ್ಲೋಯ್ತದೆ ಅಂತ ಮಾತ್ರ ನಂಗೊತ್ತು. ನಿಮ್ಮನೆ ಬಚ್ಲು ತೊಳ್ಯೋಳು ನಾನು. ಅಮ್ಮಾವ್ರು ಅದೇನೋ ಯೋಗ ಅಂತಾರೆ. ನೀರು ಕುಡ್ದು ಕಕ್ಕುದ್ರೆ ನೀರು ಬರ್ಬೇಕು, ಅನ್ನ ಯಾಕ್ ಬತ್ತದೆ? ವರ್ಸದಿಂದ ನೋಡ್ತಿವ್ನಿ. ಮಗೀಗೆ ಏನೋ ಆಗದೆ. ನನ್ನ ಬೇಕಾದ್ರೆ ಕೆಲ್ಸದಿಂದ ಬುಡ್ಸಿ, ಆ ಮಗೀನ ಮೊದ್ಲು ಡಾಕ್ಟ್ರಿಗೆ ತೋರ್ಸಿ."

ಅವಳ ಮೇಲೆ ಕಳ್ಳತನ ಹೊರಿಸುವಾಗ ನಾನು ಬಾಗಿಲ ಹಿಂದೆಯೇ ಇದ್ದೆ. ಬಾಯಿ ಬಿಡಲಿಲ್ಲ. ಅವಳು ಕೆಲಸ ಕಳೆದುಕೊಂಡರೂ ನನ್ನ ಗುಟ್ಟು ಉಳಿದರೆ ಸಾಕು ಎಂದೇ ನಿಂತಿದ್ದೆ. ನನ್ನ ಕಾಯಿಲೆ ನನ್ನ ಕೈಯಲ್ಲಿ ಮಾಡಿಸಿದ ಕೆಲಸಗಳಲ್ಲಿ ಇವತ್ತಿಗೂ ನನಗೆ ನಾಚಿಕೆಯಾಗುವುದು ಇದೊಂದಕ್ಕೆ.

ತಾತ ನನ್ನನ್ನು ಕರೆದರು. ಬೈಯಲಿಲ್ಲ. ನನ್ನ ಬಲಗೈ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿ, ಕನ್ನಡಕ ಏರಿಸಿ ನೋಡಿದರು. ಬೆರಳ ಗೆಣ್ಣಿನ ಮೇಲೆ ಹಲ್ಲು ತಾಗಿ ತಾಗಿ ಜಡ್ಡುಗಟ್ಟಿದ ಗುರುತಿತ್ತು. ಹೊಸದಾಗಿ ಕ್ರಿಯೆ ಕಲಿಯುವವರಿಗೆ ಮೊದಲ ವಾರ ಅಂಥ ಗುರುತು ಬೀಳುತ್ತದೆ, ಆಮೇಲೆ ಮಾಯುತ್ತದೆ. ಐವತ್ತು ವರ್ಷ ಕಲಿಸಿದ ಮೇಷ್ಟ್ರಿಗೆ ಅದು ಗೊತ್ತಿಲ್ಲದ್ದೇನಲ್ಲ. ಮಾಯದೆ ಗಟ್ಟಿಯಾದ ಗುರುತು ಏನು ಹೇಳುತ್ತಿದೆ ಎನ್ನುವುದೂ ಆ ಕ್ಷಣಕ್ಕೇ ಗೊತ್ತಾಯಿತು.

"ಎಷ್ಟು ದಿನದಿಂದ ಪುಟ್ಟಿ?"

"ಒಂದೂವರೆ ವರ್ಷ ತಾತ."

ತಾತ ನನ್ನ ಕೈ ಬಿಡಲೇ ಇಲ್ಲ. ಅಜ್ಜಿ ಪುಟ್ಟತಾಯಮ್ಮನ ಕಡೆ ತಿರುಗಿ ಏನೋ ಹೇಳಲು ಹೋಗಿ, ಸೆರಗಿನಲ್ಲಿ ಮುಖ ಮುಚ್ಚಿಕೊಂಡರು.

ಇಲ್ಲಿಗೇ ತಾತ ಬುದ್ಧಿ ಕಲಿತರು ಎಂದು ಬರೆದರೆ ಸುಳ್ಳಾಗುತ್ತದೆ. ಡಾಕ್ಟರ ಮಾತೆತ್ತಿದರೆ, "ನಾನು ಕಲಿಸಿದ್ದರಿಂದ ಬಂದಿದ್ದು, ನಾನೇ ವಾಸಿ ಮಾಡ್ತೀನಿ" ಎಂದು ಹಟ ಹಿಡಿದರು. ಮಿತಾಹಾರ ಎಂದರು. ದಿನಕ್ಕೆ ಒಂದೇ ಊಟ, ಎರಡು ಹೊತ್ತು ಪ್ರಾಣಾಯಾಮ, ಸಿಹಿ ಕರಿದದ್ದು ಮನೆಗೇ ಬರಕೂಡದು. ಮನಸ್ಸು ಗಟ್ಟಿ ಮಾಡು ಎಂದರು. ನನ್ನ ಮನಸ್ಸು ಗಟ್ಟಿಯಾಗಲಿಲ್ಲ, ಹಸಿವು ಗಟ್ಟಿಯಾಯಿತು. ಮನೆಯ ತಿಂಡಿ ನಿಂತರೆ ಕಾಲೇಜಿನ ಹತ್ತಿರ ಬೇಕರಿ ಇರಲಿಲ್ಲವೇ? ಮೂರು ವಾರ ಮೊದಲಿಗಿಂತ ಹೀನಾಯವಾಗಿ ಕಳೆದವು. ನವೆಂಬರಿನ ಒಂದು ಬೆಳಿಗ್ಗೆ ತಾರಸಿ ಹತ್ತುವಾಗ ಎರಡೂ ಕಾಲು ಮರಗಟ್ಟಿ, ಎದೆ ಡವಡವ ಎಂದು ತಾಳ ತಪ್ಪಿ ಬಡಿದುಕೊಂಡು, ಮೆಟ್ಟಿಲ ಮೇಲೆಯೇ ಕುಸಿದೆ. ಕೆಳಗಿನಿಂದ ಓಡಿ ಬಂದು ಹಿಡಿದವಳು ಮತ್ತೆ ಅದೇ ಪುಟ್ಟತಾಯಮ್ಮ. "ಇನ್ನೂ ಏನ್ ನೋಡ್ತಿದ್ದೀರಿ ಅಯ್ನೋರೇ, ಆಟೋ ತರ್ಸಿ!" ಎಂದು ತಾತನನ್ನು ಗದರಿಸಿದಳು. ತಾತನನ್ನು ಗದರಿಸಿದ ಮೊದಲ ಮನುಷ್ಯಪ್ರಾಣಿ ಅವಳೇ.

ಆಸ್ಪತ್ರೆಯಲ್ಲಿ ಎರಡು ದಿನ ಡ್ರಿಪ್ ಹಾಕಿದರು. ಅಪ್ಪ ಅಮ್ಮ ರಜೆ ಹಾಕಿ ಸರದಿಯಲ್ಲಿ ನನ್ನ ಪಕ್ಕ ಕೂತರು. ಅಲ್ಲಿನವರು ನಮ್ಮನ್ನು ಬನ್ನಿಮಂಟಪದ ಮನೋವೈದ್ಯ ಡಾಕ್ಟರ್ ಮೃತ್ಯುಂಜಯ ಅವರ ಬಳಿಗೆ ಕಳಿಸಿದರು. ಒಳಗೆ ಹೋದ ಕೂಡಲೇ ಡಾಕ್ಟರು ಎದ್ದು ನಿಂತರು. "ಮೇಷ್ಟ್ರೇ! ನಂಗೆ ನೂರು ಬಸ್ಕಿ ಹೊಡೆಸಿದ್ರಲ್ಲ, ಎಂಟನೇ ಕ್ಲಾಸಲ್ಲಿ!" ತಾತ ಹೈಸ್ಕೂಲಿನಲ್ಲಿ ಬಸ್ಕಿ ಹೊಡೆಸದ ಹುಡುಗ ಮೈಸೂರಿನಲ್ಲಿ ಸಿಗುವುದು ಕಷ್ಟ, ಅದಕ್ಕೆ ನನಗೆ ಆಶ್ಚರ್ಯವಾಗಲಿಲ್ಲ. ಆದರೆ ನನ್ನ ಕಥೆ, ಮಿತಾಹಾರದ ಕಥೆ ಎರಡೂ ಕೇಳಿದ ಮೇಲೆ ಅದೇ ಹುಡುಗ ಮೇಷ್ಟ್ರಿಗೆ ಪಾಠ ಶುರುಮಾಡಿದರು.

"ಇದಕ್ಕೆ ಬುಲಿಮಿಯಾ ಅಂತಾರೆ ಮೇಷ್ಟ್ರೇ. ಚಟ ಅಲ್ಲ, ಹಟ ಅಲ್ಲ, ಕಾಯಿಲೆ. ತೂಕ ನೋಡಿದ್ರೆ ಸರಿಯಾಗೇ ಇರುತ್ತೆ, ಅದಕ್ಕೇ ಯಾರಿಗೂ ಗೊತ್ತಾಗಲ್ಲ. ಹೊಟ್ಟೆ ಕಟ್ಟಿದ್ರೆ ಹಸಿವು ಕಟ್ಟೆ ಒಡ್ಕೊಂಡು ನುಗ್ಗುತ್ತೆ. ತಿಂದ ಮೇಲೆ ಭಯ. ಭಯಕ್ಕೆ ವಾಂತಿ. ವಾಂತಿಗೆ ಪ್ರಾಯಶ್ಚಿತ್ತ ಅಂತ ಮತ್ತೆ ಉಪವಾಸ. ನಿಮ್ಮ ಮಿತಾಹಾರ ಬೆಂಕಿಗೆ ತುಪ್ಪ ಸುರಿದ ಹಾಗಾಯ್ತು. ರಕ್ತದಲ್ಲಿ ಪೊಟ್ಯಾಸಿಯಂ ಇಳಿದಿತ್ತು. ಇನ್ನೊಂದು ಸ್ವಲ್ಪ ಇಳಿದಿದ್ರೆ ಹೃದಯ ನಿಂತು ಹೋಗ್ತಿತ್ತು."

ತಾತ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ, ನನ್ನ ಜನ್ಮದಲ್ಲಿ ಮೊದಲ ಸಲ ಕೇಳಿದ ಮಾತು ಅವರ ಬಾಯಿಂದ ಬಂತು. "ನಾನು ತಪ್ಪು ಮಾಡಿದೆ ಕಣೋ ಮೃತ್ಯುಂಜಯ. ಈಗ ಏನು ಮಾಡ್ಬೇಕು ಹೇಳು."

ಮಾಡಬೇಕಾದ್ದು ಸರಳವಾಗಿ ಕಂಡಿತು, ಮಾಡಲು ಹೋದರೆ ಬೆಟ್ಟ ಹೊತ್ತ ಹಾಗೆ. ಮೂರು ಹೊತ್ತು ಊಟ, ನಡುವೆ ಎರಡು ಸಲ ತಿಂಡಿ, ಗಡಿಯಾರ ನೋಡಿ ಅದದೇ ಹೊತ್ತಿಗೆ. ಹಸಿವಿರಲಿ ಬಿಡಲಿ, ಹಿಂದಿನ ದಿನ ಏನೇ ಆಗಿರಲಿ, ಊಟ ತಪ್ಪಿಸಕೂಡದು. ಉಂಡ ಮೇಲೆ ಒಂದು ಗಂಟೆ ಒಬ್ಬಳೇ ಇರಕೂಡದು, ಕಷ್ಟ ಆಗುವುದು ಆ ಗಂಟೆಯಲ್ಲೇ. ತಿಂದದ್ದು, ತಿಂದಾಗ ಅನ್ನಿಸಿದ್ದು, ಎಡವಿದ ದಿನ ಎಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಒಂದು ಮಾತ್ರೆ. ವಾರಕ್ಕೊಮ್ಮೆ ಡಾಕ್ಟರ ಜೊತೆ ನಾನೊಬ್ಬಳೇ ಕೂತು ಮಾತು. ಮನೆಯಲ್ಲಿ ಯಾರೂ ನನ್ನ ದಪ್ಪ ಸಣ್ಣದ ಮಾತೆತ್ತುವಂತಿಲ್ಲ, ಪತ್ತೇದಾರಿಕೆ ಮಾಡುವಂತಿಲ್ಲ. "ಎಡವುತ್ತಾಳೆ ಮೇಷ್ಟ್ರೇ. ಎಡವಿದ ದಿನ ಬೈಬೇಡಿ, ಮುಂದಿನ ಊಟ ಬಡಿಸಿ" ಎಂದರು ಡಾಕ್ಟರು.

ಆ ಭಾನುವಾರ ತಾತ ಧೌತಿಯ ತಾಮ್ರದ ಚೊಂಬನ್ನು ಅಟ್ಟಕ್ಕೆ ಹಾಕಿ, ಇಪ್ಪತ್ತು ಜನ ಶಿಷ್ಯರ ಮುಂದೆ, "ಇನ್ಮೇಲೆ ಇಲ್ಲಿ ಈ ಕ್ರಿಯೆ ಇಲ್ಲ. ಯಾಕೆ ಅಂತ ಕೇಳಬೇಡಿ, ನನ್ನ ತಪ್ಪು" ಎಂದರು. ಒಂದು ವಾರದಲ್ಲಿ ಎರಡನೇ ಸಲ ತಪ್ಪು ಒಪ್ಪಿಕೊಂಡದ್ದು! ಅಜ್ಜಿ ಸಂಜೆ ದೃಷ್ಟಿ ತೆಗೆದರು, ನನಗಲ್ಲ, ತಾತನಿಗೆ.

ಉಂಡ ಮೇಲಿನ ಆ ಒಂದು ಗಂಟೆಯನ್ನು ತಾತ ಹೊತ್ತುಕೊಂಡರು. ಅಜ್ಜಿ ಹಜಾರದ ನೆಲದ ಮೇಲೆ ಸೀಮೆಸುಣ್ಣದಲ್ಲಿ ಚೌಕಾಬಾರದ ಮನೆ ಬರೆದುಕೊಟ್ಟರು. ಆಡಲು ಕವಡೆ, ನಡೆಸುವ ಕಾಯಿಗೆ ನನಗೆ ಹುಣಸೆಬೀಜ, ತಾತನಿಗೆ ಮುರಿದ ಬಳೆಚೂರು. ಮಧ್ಯಾಹ್ನ ಕಾಲೇಜು ಬಿಟ್ಟು ಊಟಕ್ಕೆ ಬಂದರೆ ಒಂದು ಆಟ, ರಾತ್ರಿ ಊಟಕ್ಕೊಂದು ಆಟ. ಮೊದಮೊದಲು ನನಗೆ ಆಟವೂ ಕಾಣುತ್ತಿರಲಿಲ್ಲ, ಕವಡೆಯೂ ಕಾಣುತ್ತಿರಲಿಲ್ಲ. ಬಚ್ಚಲ ಬಾಗಿಲೊಂದೇ ಕಾಣುತ್ತಿತ್ತು. ಹೊಟ್ಟೆಯಲ್ಲಿ ಕಲ್ಲು ಕೂತ ಹಾಗೆ, ಈಗಲೇ ಎದ್ದು ಓಡದಿದ್ದರೆ ಸಿಡಿದು ಹೋಗುತ್ತೇನೆ ಎನ್ನಿಸುತ್ತಿತ್ತು. ಬೆವರುತ್ತಿದ್ದೆ, ಅಳುತ್ತಿದ್ದೆ, ಒಂದು ಸಲ ಕವಡೆ ಎತ್ತಿ ಗೋಡೆಗೆ ಬಡಿದೆ. ತಾತ ಕವಡೆ ಹೆಕ್ಕಿ ತಂದು, "ಬಾರ ಬಿದ್ದಿದೆ ನೋಡು, ನಡೆಸು" ಎಂದರು. ಗಡಿಯಾರದ ಕಡೆ ಕಳ್ಳನೋಟ ಹಾಕುತ್ತಿದ್ದದ್ದು ಅವರೂ ಹೌದು, ನಾನೂ ಹೌದು. ಎಷ್ಟೋ ದಿನ ಗೆದ್ದೆ, ಎಷ್ಟೋ ದಿನ ಆಟ ಮುಗಿದ ಮೇಲೆ ಸೋತೆ. ಸೋತ ದಿನ ನೋಟ್‌ಬುಕ್ಕಿನಲ್ಲಿ ಅಡ್ಡಗೆರೆ ಎಳೆಯುತ್ತಿದ್ದೆ.

ಡಿಸೆಂಬರ್ ಕೊನೆಗೆ ಅಡ್ಡಗೆರೆಗಳು ಬಹಳ ಕಡಿಮೆಯಾಗಿದ್ದವು. ಆದರೆ ಕೆಲವು ಮಾತ್ರ ಜಪ್ಪಯ್ಯ ಎಂದರೂ ಹೋಗಲಿಲ್ಲ. ನನ್ನ ಅನುಮತಿ ಕೇಳಿ ತಾತ ಒಂದು ಸಂಜೆ ಆ ನೋಟ್‌ಬುಕ್ಕು ಇಸಿದುಕೊಂಡರು. ಸ್ವಲ್ಪ ಹೊತ್ತಿನ ಮೇಲೆ ಗೋಡೆಯ ಮೊಳೆಯಿಂದ ಪಂಚಾಂಗವನ್ನೂ ಇಳಿಸಿಕೊಂಡರು. ಒಂದು ಬೆರಳು ನೋಟ್‌ಬುಕ್ಕಿನ ಮೇಲೆ, ಒಂದು ಬೆರಳು ಪಂಚಾಂಗದ ಮೇಲೆ.

"ಕಮಲಾ, ಇಲ್ಲಿ ಬಾ. ನವೆಂಬರಿಂದ ನಾಲ್ಕು ಏಕಾದಶಿ ಆಯ್ತು. ನಾಲ್ಕಕ್ಕೂ ಮಗು ಎಡವಿದೆ."

ನಮ್ಮ ಮನೆಯಲ್ಲಿ ಏಕಾದಶಿ ಎಂದರೆ ಒಲೆ ಹಚ್ಚುವಂತಿಲ್ಲ. ತಾತ ಐವತ್ತು ವರ್ಷದಿಂದ ಒಂದೂ ಬಿಟ್ಟವರಲ್ಲ. ಜ್ವರದಲ್ಲೂ ಹನಿ ನೀರು ಮುಟ್ಟಿದವರಲ್ಲ. ಕಾಯಿಲೆಯವರಿಗೆ ವಿನಾಯಿತಿ ಉಂಟು ಎಂದು ನನಗೊಬ್ಬಳಿಗೆ ಅಜ್ಜಿ ಅಡುಗೆ ಮಾಡಿ ಬಡಿಸುತ್ತಿದ್ದರು. ಮನೆಯವರೆಲ್ಲ ಹೊಟ್ಟೆ ಕಟ್ಟಿ ಶುದ್ಧವಾಗಿ ಓಡಾಡುವಾಗ ನಾನೊಬ್ಬಳು ಕೂತು ಅನ್ನ ಕಲಸಬೇಕು. ಒಂದೊಂದು ತುತ್ತೂ ಪಾಪದ ಹಾಗೆ ಗಂಟಲಲ್ಲಿ ಇಳಿಯುತ್ತಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ. ಪಂಚಾಂಗ ಹೇಳಿಬಿಟ್ಟಿತು.

ಮುಂದಿನ ಏಕಾದಶಿ ಜನವರಿಯಲ್ಲಿ. ಸಾಮಾನ್ಯದ್ದಲ್ಲ, ವೈಕುಂಠ ಏಕಾದಶಿ. ವರ್ಷವೆಲ್ಲ ಉಪವಾಸ ಬಿಟ್ಟವರೂ ಅವತ್ತೊಂದು ದಿನ ಹಿಡಿಯುತ್ತಾರೆ. ಬೆಳಿಗ್ಗೆ ತಾತ ದೇವಸ್ಥಾನದ ಸಾಲಿನಲ್ಲಿ ನಿಂತು ಬಂದರು. ಮಧ್ಯಾಹ್ನ ಒಂದು ಗಂಟೆಗೆ ಅಜ್ಜಿ ನನಗೆ ಎಲೆ ಹಾಕಿದರು. ಅನ್ನ, ತಿಳಿಸಾರು, ಹುರುಳಿಕಾಯಿ ಪಲ್ಯ. ನಾನು ಎಲೆಯ ಮುಂದೆ ಕೂತೆ. ಕೈ ಮೇಲೇಳಲಿಲ್ಲ.

"ನೀವೆಲ್ಲ ಪುಣ್ಯ ಕಟ್ಕೊಳ್ಳೋದು, ನಾನೊಬ್ಬಳು ತಿಂದು ಪಾಪಿ ಆಗೋದಾ ತಾತ?" ಎಂದು ಅತ್ತುಬಿಟ್ಟೆ.

ತಾತ ಎದ್ದು ಕಾಲು ತೊಳೆದು ಬಂದರು. ನನ್ನ ಪಕ್ಕದಲ್ಲಿ ಮಣೆ ಎಳೆದು ಕೂತರು.

"ಕಮಲಾ, ನನಗೂ ಒಂದು ಎಲೆ ಹಾಕು."

ಅಜ್ಜಿ ಸೌಟು ಹಿಡಿದೇ ನಿಂತರು. "ಏನೂಂದ್ರೆ, ಇವತ್ತು ವೈಕುಂಠ ಏಕಾದಶಿ ರೀ."

"ಗೊತ್ತು. ವೈಕುಂಠದ ಬಾಗಿಲು ತೆಗೆದಿರ್ತಾರೆ, ನಮ್ಮನ್ನ ಆಮೇಲೆ ಒಳಗೆ ಬಿಡ್ತಾರೆ. ಬಡಿಸು."

ಅಜ್ಜಿಯ ಕಣ್ಣಲ್ಲಿ ನೀರು. ಬಡಿಸಿದರು. ತಾತ ಪರಿಷೇಚನೆ ಮಾಡಿ ಮೊದಲ ತುತ್ತು ಬಾಯಿಗಿಟ್ಟು ಅಗಿದರು, ನುಂಗಿದರು. ಐವತ್ತು ವರ್ಷದ ವ್ರತ ಗಂಟಲಿಳಿದು ಹೋಗುವುದನ್ನು ನಾನು ಕಣ್ಣಾರೆ ನೋಡಿದೆ. ಆಮೇಲೆ, "ಸಾರಿಗೆ ಉಪ್ಪು ಕಮ್ಮಿ" ಎಂದರು. ನನಗೆ ನಗು ಬಂತು. ಅಳುತ್ತಳುತ್ತಲೇ ಕೈ ಎಲೆಗೆ ಹೋಯಿತು. ನಾಲ್ಕನೇ ತುತ್ತಿಗೆ ಅಜ್ಜಿಯೂ ತಮಗೊಂದು ಎಲೆ ಹಾಕಿಕೊಂಡು ಕೂತರು. ಉಂಡು ಎದ್ದ ಮೇಲೆ ಚೌಕಾಬಾರ ಆಡಿದೆವು. ಆ ದಿನ ನೋಟ್‌ಬುಕ್ಕಿನಲ್ಲಿ ಅಡ್ಡಗೆರೆ ಬೀಳಲಿಲ್ಲ.

ಅಲ್ಲಿಂದಾಚೆ ಪ್ರತಿ ಏಕಾದಶಿಯೂ ನಮ್ಮ ಮನೆಯಲ್ಲಿ ಒಲೆ ಹತ್ತಿತು. ಅಂಬುಜಮ್ಮನವರು ಒಗ್ಗರಣೆ ವಾಸನೆ ಹಿಡಿದು ಕಾಂಪೌಂಡಿನಿಂದ ಇಣುಕಿ, "ಮೇಷ್ಟ್ರಿಗೆ ವಯಸ್ಸಾಯ್ತು ಅನ್ಸುತ್ತೆ" ಎಂದರು. ಅನ್ನಲಿ. ಪುಟ್ಟತಾಯಮ್ಮನ ಮುಂದೆ ನಿಂತು, ಕೊಬ್ಬರಿ ಮಿಠಾಯಿ ತಿಂದವಳು ನಾನು, ಅವತ್ತು ಬಾಯಿ ಮುಚ್ಚಿಕೊಂಡಿದ್ದವಳೂ ನಾನು ಎಂದು ಕ್ಷಮೆ ಕೇಳಿದೆ. ಅಜ್ಜಿಯೂ ಕೇಳಿದರು. "ಅದ್ಯಾಕ್ ಬುಡಿ ಈಗ" ಎಂದಳು. ಮುಂದಿನ ವರ್ಷದ ನವರಾತ್ರಿಗೆ ಮಿಠಾಯಿ ಮಾಡಿದವಳು ನಾನು. ಮಕ್ಕಳಿಗೆಲ್ಲ ಹಂಚಿ, ಒಂದು ಪುಟ್ಟತಾಯಮ್ಮನಿಗೆ ಕೊಟ್ಟು, ಒಂದು ಅವಳ ಎದುರಿಗೇ ತಿಂದೆ. ತಿಂಗಳುಗಟ್ಟಲೆ ಕಾದಿದ್ದ ತೀರ್ಪು ಆಗ ಬಂತು. "ಬಚ್ಲು ಸುದ್ದಿ ಇಲ್ಲ ಕಣಮ್ಮ, ಆರು ತಿಂಗ್ಳಾಯ್ತು. ಗೆದ್ಬುಟ್ಟೆ ಕಣೆ ಮಗ." ನನ್ನ ಡಿಗ್ರಿ ಸರ್ಟಿಫಿಕೇಟೂ ಆಮೇಲೆ ನನಗೆ ಅಷ್ಟು ಸಂತೋಷ ಕೊಡಲಿಲ್ಲ. ನಡುವೆ ಪರೀಕ್ಷೆಯ ದಿನಗಳಲ್ಲಿ ಎರಡು ಸಲ ಎಡವಿದೆ, ಎದ್ದೆ. 2000ದ ಡಿಸೆಂಬರಿನಲ್ಲಿ ಡಾಕ್ಟರ್ ಮೃತ್ಯುಂಜಯ ನನ್ನ ಫೈಲು ಮುಚ್ಚಿ, "ಇನ್ನು ಬರಬೇಡಮ್ಮ, ಬಂದ್ರೆ ಕಾಫಿಗೆ ಬಾ" ಎಂದರು.

ಮುಂದಿನ ತಿಂಗಳು, 2001ರ ಜನವರಿಯಲ್ಲಿ, ಮತ್ತೆ ವೈಕುಂಠ ಏಕಾದಶಿ. ಅಜ್ಜಿ ಅಕ್ಕಿ ತೊಳೆಯಲು ಹೊರಟಾಗ ನಾನು ಪಾತ್ರೆ ಇಸಿದುಕೊಂಡೆ. ತಾತನ ಹತ್ತಿರ ಹೋಗಿ, "ಇವತ್ತು ನೀವಿಬ್ರೂ ಉಪವಾಸ ಮಾಡಿ ತಾತ. ನನಗೆ ನಾನೇ ಮಾಡ್ಕೊಂಡು ಉಣ್ತೀನಿ. ಅಜ್ಜೀನ ಕರ್ಕೊಂಡು ದೇವಸ್ಥಾನಕ್ಕೆ ಹೋಗಿ, ಸಂಜೆವರೆಗೂ ಬರಬೇಡಿ" ಎಂದೆ.

ತಾತ ನನ್ನ ಮುಖ ನೋಡಿದರು. ಬೆರಳು ನೋಡಲಿಲ್ಲ. ಪಂಚೆ ಉಟ್ಟು, ಉತ್ತರೀಯ ಹೊದ್ದು, ಎಪ್ಪತ್ತನಾಲ್ಕರ ಆ ಮನುಷ್ಯ ಮದುವೆಗೆ ಹೊರಟವರ ಹಾಗೆ ಮೆಟ್ಟಿಲಿಳಿದರು. ಗೇಟಿನ ಹತ್ತಿರ ಒಮ್ಮೆ ತಿರುಗುತ್ತಾರೆ ಎಂದುಕೊಂಡಿದ್ದೆ. ತಿರುಗಲಿಲ್ಲ.

ಅಪ್ಪ ಅಮ್ಮ ಕೆಲಸಕ್ಕೆ ಹೋಗಿದ್ದರು. ಖಾಲಿ ಮನೆ, ತುಂಬಿದ ಅಡುಗೆಮನೆ, ನಾನೊಬ್ಬಳೇ. ಅನ್ನ, ಸಾರು, ಬದನೆಕಾಯಿ ಪಲ್ಯ ಮಾಡಿಕೊಂಡೆ. ಎಲೆ ಹಾಕಿಕೊಂಡು ಹೊಟ್ಟೆ ತುಂಬ ಉಂಡೆ. ಸಾರಿಗೆ ಉಪ್ಪು ಸರಿಯಾಗಿತ್ತು. ಎಲೆ ತೆಗೆದು, ಪಾತ್ರೆ ತೊಳೆದು ಬೋರಲು ಹಾಕಿ, ಹಜಾರದಲ್ಲಿ ಚಾಪೆ ಹಾಸಿ ಒಂದು ಪುಸ್ತಕ ಹಿಡಿದು ಮಲಗಿದೆ. ಗಡಿಯಾರ ನೋಡಬೇಕೆಂದು ನೆನಪಾಗಲೇ ಇಲ್ಲ, ನಿದ್ದೆ ಬಂದುಬಿಟ್ಟಿತ್ತು.

ಕಣ್ಣು ಬಿಟ್ಟಾಗ ತಾತ ಎದುರಿಗೆ ಕೂತು ಸೀಮೆಸುಣ್ಣದಲ್ಲಿ ಮನೆ ಗೀಚುತ್ತಿದ್ದರು. ಊಟ ಮಾಡಿದೆಯಾ ಎಂದು ಕೇಳಲಿಲ್ಲ, ಆಮೇಲೆ ಏನು ಮಾಡಿದೆ ಎಂದೂ ಕೇಳಲಿಲ್ಲ. "ಮಧ್ಯಾಹ್ನದ ಆಟ ಬಾಕಿ ಇದೆ, ಏಳು" ಎಂದು ಕವಡೆ ನನ್ನ ಕೈಗಿಟ್ಟರು. ಮೂರು ವರ್ಷದ ಮೇಲೆ ಮತ್ತೆ ಏಕಾದಶಿ ಹಿಡಿದ ಖುಷಿಯಲ್ಲಿ ಅವರ ಮುಖ ಹೊಳೆಯುತ್ತಿತ್ತು, ಹೊಟ್ಟೆ ಮಾತ್ರ ಗುರುಗುಟ್ಟುತ್ತಿತ್ತು. ಉಪವಾಸವಿದ್ದ ತಾತನನ್ನು ಹೊಟ್ಟೆ ತುಂಬ ಉಂಡಿದ್ದ ನಾನು ಅವತ್ತು ಸಾಲಾಗಿ ನಾಲ್ಕು ಆಟ ಸೋಲಿಸಿದೆ.